ಇತರೆ ಶುಭಕಾರ್ಯ

ಗೌಸ್‌ಸಾಬರ ಶಾಮಿಯಾನ ಅಂಗಡಿ ಸಿಂಧನೂರಿನಲ್ಲಿ ಎಲ್ಲಿದೆ ಎಂದು ಕೇಳುವವರು ಹೊರಗಿನವರೇ ಇರಬೇಕು. ಲಗ್ನ, ತೊಟ್ಟಿಲು, ಹೊಸ ಮನೆ, ಉರುಸು, ರಾಜಕಾರಣಿಗಳ ಭಾಷಣ, ಯಾವುದಕ್ಕೇ ಆಗಲಿ ಪೈಪು, ಬಟ್ಟೆ, ಕುರ್ಚಿ, ಜಮಖಾನೆ, ಅನ್ನ ಬೇಯಿಸುವ ದೊಡ್ಡ ಪಾತ್ರೆಗಳು ಅಲ್ಲಿಂದಲೇ ಹೋಗಬೇಕು. ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಒಂದೊಂದು ಶಾಖೆ. ಮೂರೂ ಅಂಗಡಿಗಳ ವ್ಯವಹಾರ ಬಹಳ ವರ್ಷ ಗೌಸ್‌ಸಾಬರ ತಲೆಯಲ್ಲೇ ನಡೆದಿತ್ತು. ತಲೆಯೇನೋ ಗಟ್ಟಿಯದೇ, ಆದರೆ ಲಗ್ನದ ಸೀಸನ್ನು ಅದಕ್ಕಿಂತ ಗಟ್ಟಿ. ಒಂದೇ ಶಾಮಿಯಾನವನ್ನು ಒಂದೇ ಮುಹೂರ್ತಕ್ಕೆ ಸಾಲಗುಂದಕ್ಕೂ ಆರ್.ಎಚ್. ಕ್ಯಾಂಪಿಗೂ ಒಪ್ಪಿಕೊಂಡು, ಎರಡೂ ಕಡೆಯವರ ಮುಂದೆ ಕೈಮುಗಿದು ನಿಂತ ಮೇಲೆ ಅವರು ಲೆಕ್ಕವನ್ನು ಕಂಪ್ಯೂಟರಿಗೆ ಏರಿಸೋಣ ಎಂಬ ಸೊಸೆಯ ಮಾತಿಗೆ ಹೂಂ ಅಂದರು.

ಸೊಸೆ ನಿಶಾತ್ ಮಸ್ಕಿಯ ಹುಡುಗಿ, ಕಲಬುರಗಿಯಲ್ಲಿ ಎಂಬಿಎ ಮಾಡಿದವಳು. ಒಂದು ಧಂದೆಯನ್ನು ಕಂಪ್ಯೂಟರಿಗೆ ಏರಿಸುವುದಕ್ಕೂ ಒಂದು ಚೌಕಟ್ಟು ಇರುತ್ತದೆ ಎಂದು ಅಲ್ಲಿ ಕಲಿತಿದ್ದಳು. ಮೊದಲು ಕೆಲಸ ಹೇಗೆ ನಡೆಯುತ್ತದೋ ಹಾಗೇ ನೋಡಬೇಕು. ಅದಕ್ಕೆ ಸಂಬಂಧಪಟ್ಟವರನ್ನೆಲ್ಲ ಕೇಳಬೇಕು. ಆಮೇಲೆ ನಕ್ಷೆ, ಆಮೇಲೆ ಸಣ್ಣದಾಗಿ ಒಂದು ಪ್ರಯೋಗ, ಜನ ಒಗ್ಗಿಕೊಂಡ ಮೇಲೆ ಎಲ್ಲ ಕಡೆ ವಿಸ್ತರಣೆ. ಶಾಮಿಯಾನದ ಮನೆಯವರಿಗೆ ಚೌಕಟ್ಟು ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಪೈಪು ನಿಲ್ಲಿಸದೆ ಬಟ್ಟೆ ಹೊದಿಸಲು ಬರುವುದಿಲ್ಲ ಎಂಬುದು ಅಲ್ಲಿನ ಕೂಸಿಗೂ ಗೊತ್ತು. ಆದರೂ ಅವಳು ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಡಬ್ಬಿ ಬರೆದು, ಬಾಣ ಎಳೆದು ವಿವರಿಸಿದಳು. ಮನೆಮಂದಿ ಅಭಿಮಾನದಿಂದ ಕೇಳಿದರು. ಅರ್ಥವಾಗದ ಕಡೆ ಇನ್ನೂ ಹೆಚ್ಚು ಅಭಿಮಾನದಿಂದ ಕೇಳಿದರು.

ಲಿಂಗಸುಗೂರಿನ ಅಂಗಡಿ ನೋಡಿಕೊಳ್ಳುವ ಅವಳ ಗಂಡ ಅಜೀಮ್ ಮಾತ್ರ ಆ ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, "ಸಾವಿನ ಮನಿಗೆ ಕಳಸ್ತೀವಲ್ಲ, ಅದು ಇದರಾಗ ಎಲ್ಲಿ ಬರ್ತೈತಿ?" ಅಂದ.

ಅದು ಆ ಅಂಗಡಿಯ ಹಳೇ ರೂಢಿ. ಸಾವಿನ ಮನೆಗೆ ಶಾಮಿಯಾನ, ಕುರ್ಚಿ ಪುಕ್ಕಟೆ. ಯಾವ ಜಾತಿ ಎಂದು ಕೇಳುವುದಿಲ್ಲ, ಯಾವಾಗ ವಾಪಸು ಎಂದೂ ಕೇಳುವುದಿಲ್ಲ, ಎಲ್ಲಿಯೂ ಬರೆದಿಡುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಗಾಡಿ ಹೊರಡುತ್ತದೆ, ಅಷ್ಟೇ.

"ಅದಕ್ಕ ಬಾಡಗಿ ಇಲ್ಲ, ಬಿಲ್ಲಿಲ್ಲ. ಅದು ವ್ಯವಹಾರನ ಅಲ್ಲ," ಅಂದಳು ನಿಶಾತ್. "ಎರಡನೇ ಹಂತದಾಗ ನೋಡೂಣು."

ಎರಡನೇ ಹಂತ ಎಂಬುದು ಕಂಪ್ಯೂಟರಿನವರಿಗೆ ಬಹಳ ಅನುಕೂಲದ ಜಾಗ. ತಲೆನೋವಾದದ್ದನ್ನೆಲ್ಲ ಅಲ್ಲಿಗೆ ತಳ್ಳಿ ಮರ್ಯಾದೆಯಿಂದ ಮರೆತುಬಿಡಬಹುದು. ಅಜೀಮ್ ಮತ್ತೆ ಕೇಳಲಿಲ್ಲ.

ಸಿಸ್ಟಮ್ ಶುರುವಾಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಶುರುವಾಯಿತು. ಒಂದೇ ಶಾಮಿಯಾನಕ್ಕೆ ಇಬ್ಬರು ಬಡಿದಾಡುವುದು ನಿಂತಿತು. ಮಸ್ಕಿಯಲ್ಲಿ ಎಷ್ಟು ಕುರ್ಚಿ ಖಾಲಿ ಇವೆ ಎಂಬುದು ಸಿಂಧನೂರಿನಲ್ಲಿ ಕೂತೇ ಕಾಣುತ್ತಿತ್ತು. ನಮೂದು ಮಾಡದೆ ಒಂದು ಕುರ್ಚಿಯೂ ಗೋದಾಮಿನ ಬಾಗಿಲು ದಾಟಬಾರದು ಎಂಬುದು ನಿಶಾತಳ ಕಟ್ಟಪ್ಪಣೆ. ಗಿರಾಕಿಯ ಹೆಸರು, ಫೋನ್ ನಂಬರು, ಕಾರ್ಯ ಯಾವುದು ಎಂಬುದನ್ನು ತುಂಬದಿದ್ದರೆ ಸ್ಕ್ರೀನು ಮುಂದಕ್ಕೆ ಹೋಗುತ್ತಿರಲಿಲ್ಲ. ಕಾರ್ಯ ಎಂದರೆ ಲಗ್ನ, ನಿಶ್ಚಯ, ತೊಟ್ಟಿಲು, ಗೃಹಪ್ರವೇಶ. ಎಲ್ಲಕ್ಕಿಂತ ಕೆಳಗೆ 'ಇತರೆ ಶುಭಕಾರ್ಯ'. ಸಾಮಾನು ವಾಪಸು ಬಂದ ಮರುದಿನ ಗಿರಾಕಿಯ ಫೋನಿಗೆ ತಾನಾಗಿಯೇ ಒಂದು ಮೆಸೇಜು ಹೋಗುತ್ತಿತ್ತು. ಒಂದಿಷ್ಟು ಧನ್ಯವಾದ, ಒಂದಿಷ್ಟು ಹಾರೈಕೆ, ಕೊನೆಗೆ ನಮ್ಮ ಕೆಲಸ ಹೇಗಾಯಿತೆಂದು ನಕ್ಷತ್ರ ಒತ್ತಿ ಎಂಬ ವಿನಂತಿ. ಅದರ ಮಾತುಗಳನ್ನು ನಿಶಾತ್ ತಾನೇ ಕೂತು ಬರೆದಿದ್ದಳು. ಮನೆಯವರೇ ಮಾತಾಡಿಸಿದ ಹಾಗಿರಬೇಕು ಎಂದು ತಿದ್ದಿ ತೀಡಿದ್ದಳು.

ಮಳೆ ಹಿಡಿದ ಒಂದು ಮಧ್ಯಾಹ್ನ, ನಮೂದು ಮಾಡುವ ಹುಡುಗ ಬಾರದ ದಿನ, ಗೌಸ್‌ಸಾಬರು ಗೋದಾಮಿನಿಂದ ಫೋನು ಮಾಡಿದರು. ನಿಶಾತ್ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಲಿಂಗಸುಗೂರಿನಲ್ಲಿ ವರ್ತಕರ ಸಭೆ ಇತ್ತು, ಅಲ್ಲಿ ತನ್ನ ಸಿಸ್ಟಮ್ ತೋರಿಸುವ ಅವಕಾಶ ಸಿಕ್ಕಿತ್ತು, ಅದರ ತಯಾರಿಯಲ್ಲಿ ಮುಳುಗಿದ್ದಳು.

"ಬೇಟಿ, ಸಾವಿನ ಮನಿಗೆ ಗಾಡಿ ಹೊಂಟೈತಿ. ಇದರಾಗ ಸಾವು ಅಂತ ಇಲ್ಲಲ್ಲ."

"ಕೆಳಗ ಇತರೆ ಅಂತ ಐತಲ್ಲ ಅಬ್ಬಾ, ಅದನ್ನ ಒತ್ರಿ."

"ಅದು ಶುಭಕಾರ್ಯ ಅಂತ ಐತಿ."

"ಅದು ಬರೇ ಹೆಸರು ಅಬ್ಬಾ. ಒತ್ರಿ, ಆಮ್ಯಾಲ ನಾ ಸರಿ ಮಾಡ್ತೀನಿ."

ಯಾರ ಮನೆ ಎಂದು ಅವಳು ಕೇಳಲಿಲ್ಲ. ಅತ್ತ ಗೌಸ್‌ಸಾಬರು ವಳಕಮದಿನ್ನಿ ಎಂದು ಊರಿನ ಹೆಸರು ಒತ್ತಿದಾಗ, ಹಿಂದಿನ ಸೀಸನ್ನಿನಲ್ಲಿ ತಂಗಿಯ ಲಗ್ನಕ್ಕೆ ಶಾಮಿಯಾನ ಒಯ್ದಿದ್ದ ಹನುಮಂತುವಿನ ಹೆಸರು, ನಂಬರು ತಾವಾಗಿಯೇ ಬಂದು ಕೂತವು. ಮನೆಯೂ ಅದೇ. ತೀರಿಕೊಂಡವನೂ ಅವನೇ. ಕಾಲುವೆ ದಂಡೆಯ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದಿದ್ದ. ಆ ಹೆಸರು ತೆಗೆದು ಬೇರೆ ಹಾಕುವುದು ಹೇಗೆಂದು ಗೌಸ್‌ಸಾಬರಿಗೆ ತಿಳಿಯಲಿಲ್ಲ. ಹೊರಗೆ ಗಾಡಿ ಕಾಯುತ್ತಿತ್ತು. ಸೊಸೆ ಹೇಳಿದ್ದನ್ನು ಒತ್ತಿ, ತಾವೂ ಗಾಡಿ ಹತ್ತಿ ಹೋಗಿ, ಮಳೆಯಲ್ಲೇ ನಿಂತು ಶಾಮಿಯಾನ ಕಟ್ಟಿಸಿ ಬಂದರು.

ಮುಂದಿನ ವಾರದ ಸಭೆಗೆ ಬಟ್ಟೆ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಪಾತ್ರೆ ಅಂಗಡಿಯವರು ಎಲ್ಲ ಸೇರಿದ್ದರು. ನಿಶಾತ್ ಸೊಗಸಾಗಿ ಮಾತಾಡಿದಳು. ಹೊಸ ವ್ಯವಸ್ಥೆಯನ್ನು ಜನ ಒಪ್ಪಿಕೊಂಡಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಜನರನ್ನೇ ಕೇಳಬೇಕು ಎಂದಳು. ಕೇಳಿದರೆ ಹೇಗೆ ಉತ್ತರ ಬರುತ್ತದೆ ನೋಡಿ ಎಂದು ಗೋಡೆಯ ಮೇಲೆ ಎಲ್ಲಕ್ಕಿಂತ ಹೊಸ ಉತ್ತರವನ್ನು ದೊಡ್ಡದಾಗಿ ಬಿಟ್ಟು, ತಾನೇ ಗಟ್ಟಿಯಾಗಿ ಓದಿದಳು.

"ವಳಕಮದಿನ್ನಿಯ ಹನುಮಂತು ಅವರು ಐದಕ್ಕ ಐದು ನಕ್ಷತ್ರ ಕೊಟ್ಟಾರ. 'ಎಲ್ಲಾ ಛಲೋ ಮಾಡಿಕೊಟ್ರಿ. ಮಳಿ ಬಂದ್ರೂ ಯಾರಿಗೂ ತೊಂದ್ರಿ ಆಗ್ಲಿಲ್ಲ' ಅಂತ ಬರದಾರ. ನೋಡ್ರಿ, ಇಂಥಾ ಮಳಿಯಾಗ ಕಾರ್ಯ ಮಾಡಿದ್ರೂ ಎಷ್ಟು ಖುಷಿ ಅದಾರ."

ಸಭೆ ನಕ್ಕಿತು. ಅವಳೂ ನಕ್ಕಳು. ನಗು ಇಳಿಯುವ ತನಕ ಕಾದು, ಗೊಬ್ಬರದ ಅಂಗಡಿಯ ದಾವಲ್‌ಸಾಬ್ ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

"ಅಮ್ಮಾ, ಅದು ಅಂಥಾ ಕಾರ್ಯ ಅಲ್ಲ," ಅಂದರು ಮೆಲ್ಲಗೆ. "ಆ ಹನುಮಂತು ತೀರಿಕೊಂಡಾನ. ಅವನ ಮಣ್ಣಿಗೆ ನಾನೂ ಹೋಗಿದ್ದೆ. ನಿಮ್ಮ ಶಾಮಿಯಾನದ ಕೆಳಗನ ಕುಂತಿದ್ದೆ."

ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಒಬ್ಬರು ನೀರು ತಂದುಕೊಟ್ಟರು. ಇನ್ನೊಬ್ಬರು, "ಕಂಪ್ಯೂಟರ್ ಅಂದ ಮ್ಯಾಲ ಇಂಥಾವು ಆಗ್ತಾವ ಬಿಡ್ರಿ," ಎಂದು ಸಮಾಧಾನ ಹೇಳಿದರು. ಗೋಡೆಯ ಮೇಲೆ ಐದು ನಕ್ಷತ್ರಗಳು ಹಾಗೇ ಇದ್ದವು. ಅವನ್ನು ಆರಿಸುವುದು ಹೇಗೆಂದು ನಿಶಾತಳ ಕೈಗೆ ಮರೆತೇ ಹೋಗಿತ್ತು. ಅಜೀಮ್ ಬಂದು ಪ್ರೊಜೆಕ್ಟರಿನ ವೈರು ಕಿತ್ತ.

ವಾಪಸು ಬರುವಾಗ ಕಾರಿನಲ್ಲಿ ಅವನು ನಾನು ಆಗಲೇ ಹೇಳಿದ್ದೆನಲ್ಲ ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮಸ್ಕಿ ಬಂತು. ಬಸ್ ನಿಲ್ದಾಣದ ಹತ್ತಿರ ಅವಳ ತವರಿನ ಓಣಿಯ ತಿರುವು ಕಾಣುವಾಗ ನಿಶಾತ್ ಮುಖ ಬೇರೆ ಕಡೆ ಹೊರಳಿಸಿದಳು. ಅವಳ ಅಪ್ಪ ತೀರಿಕೊಂಡಾಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಬಂಧುಗಳು ಬಂದು ಮುಟ್ಟುವ ಮೊದಲೇ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಬಂದವರಿಗೆಲ್ಲ ಕುರ್ಚಿ ಸಿಕ್ಕಿತ್ತು. ಯಾರು ಕಳಿಸಿದರು ಎಂದು ಯಾರಿಗೂ ಕೇಳುವ ಎಚ್ಚರ ಇರಲಿಲ್ಲ. ಅದು ಗೌಸ್‌ಸಾಬರ ಅಂಗಡಿಯದು ಎಂದು ಮದುವೆಯಾಗಿ ಆ ಮನೆಗೆ ಬಂದ ಮೇಲೆ ಗೊತ್ತಾಗಿತ್ತು.

ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವ ದಾರಿ ಅವಳಿಗೆ ಇರಲಿಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಸತ್ತವರು ಯಾರು ಎಂದು ಒಂದು ಮಾತು ಕೇಳದೆ ಒತ್ತಿ ಎಂದವಳೂ ಅವಳೇ. ನಾಚಿಕೆ ಎನ್ನುವುದು ಮೈಗೆ ಹತ್ತಿದ ಜ್ವರದ ಹಾಗೆ ಇರುತ್ತದೆ ಎಂದು ಅವಳಿಗೆ ಆವತ್ತು ತಿಳಿಯಿತು.

ಮರುದಿನ ಬೆಳಿಗ್ಗೆ ಗೌಸ್‌ಸಾಬರು ಹೊಸ ಟೋಪಿ ಹಾಕಿಕೊಂಡು ಸೊಸೆಯನ್ನು ಕರೆದರು.

"ವಳಕಮದಿನ್ನಿಗೆ ಹೋಗಿ ಬರೂಣು. ನೀ ಏನೂ ಮಾತಾಡಬ್ಯಾಡ. ಮಷೀನಿನ ತಪ್ಪು ಅಂತ ನಾ ಹೇಳ್ತೀನಿ. ದುರುಗಪ್ಪ ತಿಳುವಳಿಕಸ್ತ, ಒಪ್ಕೋತಾನ."

ಗದ್ದೆಗಳ ನಡುವಿನ ರಸ್ತೆಯಲ್ಲಿ ಹೋಗುವಷ್ಟು ಹೊತ್ತೂ ನಿಶಾತ್ ಆ ಮಾತನ್ನು ಹಿಡಿದುಕೊಂಡು ಕೂತಿದ್ದಳು. ಮಷೀನಿನ ತಪ್ಪು. ಅದರೊಳಗೆ ಹೊಕ್ಕು ಕೂತರೆ ಯಾರೂ ಅವಳನ್ನು ಹುಡುಕುವುದಿಲ್ಲ. ಅಂಗಡಿಯ ಹೆಸರೂ ಉಳಿಯುತ್ತದೆ, ಸೊಸೆಯ ಹೆಸರೂ ಉಳಿಯುತ್ತದೆ. ಹಾಗೆ ಆಗಲಿ ಎಂದು ಅವಳಿಗೆ ಆಸೆಯಾಯಿತು. ಆ ಆಸೆಗೂ ನಾಚಿಕೆಯಾಯಿತು.

ಹನುಮಂತುವಿನ ಅಪ್ಪ ದುರುಗಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದ. ಅವನ ಹೆಂಡತಿ ಹುಸೇನಮ್ಮ ಒಳಬಾಗಿಲಿನ ಹೊಸ್ತಿಲಿಗೆ ಒರಗಿ ಕೂತಿದ್ದಳು. ಬಂದವರ ಕಡೆ ನೋಡಿದಳು.

"ದುರುಗಪ್ಪ, ಮಾಫ್ ಮಾಡಬೇಕು," ಅಂದರು ಗೌಸ್‌ಸಾಬರು. "ಆ ಮೆಸೇಜು ಬಂತಲ್ಲ, ಅದು ಮಷೀನು ಕಳಿಸಿದ್ದು. ನಮ್ಮ ಮನಷ್ಯಾರು ಯಾರೂ ಕಳಿಸಿದ್ದಲ್ಲ."

"ಅಯ್ಯ, ಅದಕ್ಯಾಕ ಇಷ್ಟು ದೂರ ಬಂದ್ರಿ ಸಾಹೇಬ್ರ. ಮಷೀನಿಗೇನು ಗೊತ್ತಿರ್ತೈತಿ," ಅಂದ ದುರುಗಪ್ಪ. "ನನಗ ಓದಾಕ ಬರಂಗಿಲ್ಲ. ತಮ್ಮನ ಮಗಳು ನೋಡಿ, ಶಾಮಿಯಾನದವ್ರು ಹ್ಯಾಂಗಾತು ಅಂತ ಕೇಳ್ಯಾರ ಅಂದ್ಳು. ಅಷ್ಟು ಮಳಿಯಾಗ ನೀವು ನಿಂತು ಕಟ್ಟಿಸಿದ್ರಿ. ಕೇಳಿದಾಗ ಉತ್ತರ ಕೊಡದಿದ್ರ ಹ್ಯಾಂಗ ಅಂತ ಒತ್ತಿಸಿದೆ. ತಪ್ಪಾಗಿದ್ರ ನೀವ ಹೊಟ್ಯಾಗ ಹಾಕ್ಕೋರಿ."

ಮಗನನ್ನು ಕಳೆದುಕೊಂಡವನು ತಮ್ಮನ್ನೇ ಕ್ಷಮೆ ಕೇಳುತ್ತಿದ್ದಾನೆ. ಗೌಸ್‌ಸಾಬರು ತಲೆ ತಗ್ಗಿಸಿದರು. ಇನ್ನೇನು, ಎದ್ದು ಹೋಗುವುದಷ್ಟೇ ಉಳಿದಿತ್ತು.

"ಮಷೀನಿನ ತಪ್ಪಲ್ರೀ," ಅಂದಳು ನಿಶಾತ್.

ಗೌಸ್‌ಸಾಬರು ಅವಳ ಕಡೆ ತಿರುಗಿದರು.

"ಮಷೀನಿಗೆ ಹಂಗ ಮಾಡು ಅಂತ ಕಲಿಸಿದಾಕಿ ನಾನು. ಅದರಾಗ ಸಾವಿಗೆ ಜಾಗ ಇಟ್ಟಿದ್ದಿಲ್ಲ. ಇಡಬೇಕು ಅಂತ ಗೊತ್ತಿತ್ತು, ಆಮ್ಯಾಲ ನೋಡೂಣು ಅಂತ ಬಿಟ್ಟೆ. ಅಬ್ಬಾ ಆ ದಿನ ಫೋನ್ ಮಾಡಿ ಕೇಳಿದ್ರು, ನಾನ ಶುಭಕಾರ್ಯ ಅಂತ ಒತ್ರಿ ಅಂದೆ. ಯಾರ ಮನಿ ಅಂತ ಸೈತ ಕೇಳಲಿಲ್ಲ."

ದುರುಗಪ್ಪ ಕಂಬಳಿಯ ಅಂಚು ಸರಿಮಾಡಿದ. ಹೊಸ್ತಿಲಿನಿಂದ ಹುಸೇನಮ್ಮನ ದನಿ ಬಂತು.

"ಅದರಾಗಿನ ಮಾತು ಬರದಾಕಿನೂ ನೀನೇನು?"

"ಹೌದ್ರೀ."

ಹುಸೇನಮ್ಮ ಎದ್ದು ಬಂದು ಅವಳ ಎದುರಿಗೇ ಕೂತಳು. "ಇವ್ರಿಗೆ ಆ ಹುಡುಗಿ ಅರ್ಧ ಓದಿ ಬಿಟ್ಲು. ನಾ ಪೂರಾ ಓದಿಸ್ಕೊಂಡೀನಿ. ಆವಾಗಿಂದ ಎಲ್ಲಾರ ಮುಂದ ಕೇಳಾಕತ್ತೀನಿ, ಇದನ್ನ ಯಾರು ಬರದಾರ ಅಂತ. ಎಲ್ಲಾರೂ ಮಷೀನು ಅಂತಾರ, ಮಷೀನು ಅಂತಾರ. ಮಷೀನಿಗೆ ನಾ ಏನಂತ ಬೈಲಿ ಬೇ? ಅದಕ್ಕ ಕಿವಿ ಐತೇನು? ನನ್ನ ಮಗ ಮಣ್ಣಾಗ ಹೋಗ್ಯಾನ, ನೀ ಕುಂತು ಹಾರೈಕಿ ಬರದಿ. ಕೈಯಾದ್ರೂ ಹ್ಯಾಂಗ ಬಂತು ನಿನಗ? ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನು? ನಿನ್ನ ಕಲಿಕಿಗೆ ಬೆಂಕಿ ಹತ್ತಲಿ."

"ಹುಸೇನಮ್ಮ, ಸಣ್ಣ ಹುಡುಗಿ..." ಎಂದು ಗೌಸ್‌ಸಾಬರು ನಡುವೆ ಬಂದರು.

"ಬೈಲಿ ಬಿಡ್ರಿ ಅಬ್ಬಾ," ಅಂದಳು ನಿಶಾತ್.

ಹುಸೇನಮ್ಮ ಬೈದಳು. ಅವಳನ್ನು ಬೈದಳು, ಅವಳ ಅಂಗಡಿಯನ್ನು ಬೈದಳು, ಕಾಲುವೆ ರಸ್ತೆಯನ್ನು, ಮಳೆಯನ್ನು, ಬೈಕ್ ಕೊಡಿಸಿದ ಗಂಡನನ್ನು, ಹೇಳಿದ ಮಾತು ಕೇಳದೆ ಹೊರಟ ಮಗನನ್ನು ಬೈದಳು. ದನಿ ಬೀಳುವ ತನಕ ಬೈದಳು. ಆಮೇಲೆ ಸೆರಗಿನಲ್ಲಿ ಸುತ್ತಿಟ್ಟಿದ್ದ ಮಗನ ಫೋನು ತೆಗೆದು ನಿಶಾತಳ ಕೈಗೆ ಕೊಟ್ಟಳು.

"ಓದು. ನೀ ಬರದಿದ್ದು ನಿನ್ನ ಬಾಯಿಲೆ ಓದು."

ನಿಶಾತ್ ಓದಿದಳು. "ಪ್ರಿಯ ಹನುಮಂತು ಅವರೇ, ನಿಮ್ಮ ಮನೆಯ ಶುಭಕಾರ್ಯದಲ್ಲಿ ನಮಗೂ ಪಾಲು ಕೊಟ್ಟಿದ್ದಕ್ಕೆ ಧನ್ಯವಾದ. ಇಂಥ ಸಂಭ್ರಮ ನಿಮ್ಮ ಮನೆಗೆ..." ಅಲ್ಲಿಗೆ ನಿಲ್ಲಿಸಿದಳು.

"ಪೂರಾ ಓದು."

"ಇಂಥ ಸಂಭ್ರಮ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ."

ಹುಸೇನಮ್ಮ ಫೋನು ವಾಪಸು ಇಸಿದುಕೊಂಡಳು. ಸೆರಗಿನಲ್ಲಿ ಅದನ್ನು ಮತ್ತೆ ಸುತ್ತುತ್ತಾ, ಈಗ ಕೂಗದೆ, ಸಾದಾ ದನಿಯಲ್ಲಿ ಕೇಳಿದಳು.

"ಇದು ಶುರು ಆದ ಮ್ಯಾಲ ಇನ್ನ ಎಷ್ಟು ಸಾವಿನ ಮನಿಗೆ ಹೋಗೈತಿ?"

ನಿಶಾತ್ ಒಂದೇ ಮನೆ ಎಂದು ಎಣಿಸಿ ನಿನ್ನೆಯಿಂದ ಅತ್ತಿದ್ದಳು. ಮೂರೂ ಅಂಗಡಿಗಳಿಂದ ಗಾಡಿ ತಿಂಗಳುಗಟ್ಟಲೆ ಸಾವಿನ ಮನೆಗಳಿಗೆ ಹೋಗಿ ಬಂದಿತ್ತು, ನಮೂದು ಮಾಡುವ ಹುಡುಗರೂ ಅದನ್ನೇ ಒತ್ತಿರಬೇಕು. ದುರುಗಪ್ಪನೇನೋ ಉತ್ತರ ಕೊಟ್ಟಿದ್ದ, ಕೊಡದೆ ಓದಿ ಸುಮ್ಮನಾದವರು ಆ ಮೂರೂ ಊರುಗಳ ಸುತ್ತ ಎಲ್ಲೆಲ್ಲಿ ಇದ್ದಾರೋ.

"ಗೊತ್ತಿಲ್ರೀ."

"ಗೊತ್ತು ಮಾಡ್ಕೋ. ಮಾಡ್ಕೊಂಡು ಒಂದೊಂದು ಮನಿಗೂ ಹೋಗು," ಅಂದಳು ಹುಸೇನಮ್ಮ. "ಮಾವನ್ನ ಕರ್ಕೊಂಡು ಹೋಗಬ್ಯಾಡ."

ನಿಶಾತ್ ಹೂಂ ಅಂದಳು.