ಅಪ್ಪ ಕೊಟ್ಟ ಟ್ಯೂಬು

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮೋಹನ್‌ಬಾಬು ಮನೆಯಲ್ಲಿ ಮಾತ್ರ ಮದ್ದೆಲ್ಲ ಹಿತ್ತಲದ್ದೇ. ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಅವನದು ಮೆಡಿಕಲ್ ಅಂಗಡಿ. ಮಗಳು ಚೈತನ್ಯಳ ಕೆನ್ನೆ ತುಂಬ ಮೊಡವೆ ಎದ್ದಾಗ ಅಲ್ಲಿಂದಲೇ ಒಂದು ಟ್ಯೂಬು ತಂದುಕೊಟ್ಟಿದ್ದ. ತಿಂಗಳೊಳಗೆ ಮುಖ ಬೆಳ್ಳಗೆ ಹೊಳೆಯಿತು. ಆ ಮುಖ ನೋಡಿಯೇ ಊರಿನ ತಾಯಂದಿರು ಅಂಗಡಿಗೆ ಬಂದರು. ಮಗಳ ಮುಖವೇ ಅಂಗಡಿಯ ಬೋರ್ಡಾಯಿತು ಎಂದು ಅವನು ಬೀಗಿದ್ದೂ ಉಂಟು.

ಎರಡು ವರ್ಷದಲ್ಲಿ ಎಲ್ಲ ತಿರುಗಾಮುರುಗಾ. ಟ್ಯೂಬು ಬಿಟ್ಟರೆ ಮುಖ ಉರಿಯುತ್ತಿತ್ತು, ಹಚ್ಚಿದರೂ ಮೊಡವೆ ಏಳುತ್ತಿತ್ತು. ಎದ್ದದ್ದೆಲ್ಲ ಗುಳಿ ಬಿಟ್ಟು ಹೋಗುತ್ತಿತ್ತು. ಲೇಸರ್ ಮಾಡಿಸಲೇಬೇಕು ಎಂದು ಮಗಳು ಹಟ ಹಿಡಿದಳು. ಅಪ್ಪ ಅವಳನ್ನು ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ.

"ಮುಖಕ್ಕೆ ಏನಮ್ಮ ಹಚ್ತಾ ಇದ್ದೆ?"

ಚೈತನ್ಯ ಬ್ಯಾಗಿನಿಂದ ಟ್ಯೂಬು ತೆಗೆದು ಕೊಟ್ಟಳು.

"ಇದರಲ್ಲಿ ಸ್ಟೀರಾಯ್ಡ್ ಇದೆ. ಚರ್ಮ ತೆಳ್ಳಗಾಗಿಹೋಗಿದೆ. ಇದರ ಮೇಲೆ ಲೇಸರ್ ಮಾಡಿದ್ರೆ ಸುಟ್ಟ ಕಲೆ ನಿಲ್ಲುತ್ತೆ, ನಾನು ಮಾಡಲ್ಲ. ಮೊದಲು ಈ ಕ್ರೀಮು ಬಿಡಿಸ್ಬೇಕು. ಬಿಡಿಸುವಾಗ ಮುಖ ಇನ್ನೂ ಕೆಡುತ್ತೆ, ತಡ್ಕೋಬೇಕು. ಆಮೇಲೂ ಗುಳಿ ಎಷ್ಟು ಮುಚ್ಚುತ್ತೋ ಹೇಳಕ್ಕಾಗಲ್ಲ." ಡಾಕ್ಟರಮ್ಮ ಟ್ಯೂಬನ್ನು ಮೇಜಿನ ಮೇಲೆ ಇಟ್ಟರು. "ಚೀಟಿ ಇಲ್ಲದೆ ಇದನ್ನ ಯಾರು ಕೊಟ್ಟಿದ್ದು?"

ಚೈತನ್ಯ ಅಪ್ಪನ ಕಡೆ ನೋಡಿದಳು. 'ನಾನೇ' ಅನ್ನುವುದಕ್ಕೆ ಎರಡಕ್ಷರ ಸಾಕಾಗಿತ್ತು. ಮೋಹನ್‌ಬಾಬು ಗೋಡೆಯ ಕ್ಯಾಲೆಂಡರ್ ನೋಡಿದ.

"ಹಾಸ್ಟೆಲ್‌ನಲ್ಲಿ ಫ್ರೆಂಡ್ ಕೊಟ್ಳು ಮೇಡಂ," ಅಂದಳು ಮಗಳು.

ಬೇಲಿಯೇ ಎದ್ದು ಹೊಲ ಮೇಯ್ದದ್ದಾಯಿತು. ಈಗ ಬೇಲಿಯ ಮಾನವನ್ನೂ ಹೊಲವೇ ಕಾಯಬೇಕಾಯಿತು.

ಇಬ್ಬರೂ ಊರಿಗೆ ಬಂದು ಅಂಗಡಿ ಬಾಗಿಲು ತೆಗೆದದ್ದೇ ತಡ, ಹೂ ಮಾರುವ ಮುನಿಗಂಗಮ್ಮ ಬಂದಳು.

"ಮೋಹನಣ್ಣ, ಮಗೀಗೆ ಆ ಮುಖದ್ ಟ್ಯೂಬು ಕೊಡಪ್ಪ."

"ಖಾಲಿಯಾಗಿದೆ ಕಣಮ್ಮ."

"ಹೋಗ್ಲಿ ಬಿಡು, ಆ ಕಡೆ ಅಂಗಡೀಲಿ ತಗೋತೀನಿ."

ತಗೋಬೇಡ, ಮುಖ ಕೆಡುತ್ತೆ ಅನ್ನಬೇಕಿತ್ತು. ಅಂದರೆ ನಾಳೆ ಊರಿಗೆ ಊರೇ ಬಾಗಿಲಲ್ಲಿ ನಿಲ್ಲುತ್ತದೆ. ಅವನು ಕಪಾಟಿನ ಡಬ್ಬಿಗಳನ್ನು ಜೋಡಿಸತೊಡಗಿದ, ಮುನಿಗಂಗಮ್ಮ ಮೆಟ್ಟಿಲಿಳಿದಳು.

ಚೈತನ್ಯ ಬಿಸಿಲಿಗೆ ಓಡಿ ಅವಳನ್ನು ತಡೆದಳು. ಮುಖಕ್ಕೆ ಸುತ್ತಿಕೊಂಡಿದ್ದ ವೇಲು ಬಿಚ್ಚಿ, ಕೆಂಪಗೆ ಬೆಂದಂತಿದ್ದ ಕೆನ್ನೆ ತೋರಿಸಿದಳು.

"ಅಕ್ಕ, ಅದನ್ನ ಹಚ್ಚೇ ಹಿಂಗಾಗಿದ್ದು. ಬೇಡ. ನಮ್ಮಪ್ಪ ಕೊಟ್ಟಿದ್ದು. ಪಾಪ, ಅವರಿಗೂ ಗೊತ್ತಿರ್ಲಿಲ್ಲ."

ಆ ಮಾತು ಅಂಗಡಿಯೊಳಗಿದ್ದ ಮೋಹನ್‌ಬಾಬುವಿಗೂ ಕೇಳಿಸಿತು. ಹೆಚ್ಚು ದಿನ ಹಚ್ಚಬಾರದು, ಮುಖ ಕೆಡುತ್ತದೆ ಎಂದು ಔಷಧಿ ಕಂಪನಿಯವನೇ ಮೊದಲ ವರ್ಷ ಹೇಳಿದ್ದ. ಎಲ್ಲರೂ ಮಾರುತ್ತಾರಲ್ಲ, ಮಗಳಿಗೆ ಒಗ್ಗಿದೆಯಲ್ಲ ಎಂದು ಇವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮುನಿಗಂಗಮ್ಮ ಆ ಕೆನ್ನೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಅಂಗಡಿಯತ್ತ ತಿರುಗಿದಳು.

"ನನ್ನ ಮಗಳು ಸಂಕ್ರಾಂತಿಯಿಂದ ಹಚ್ಕೊಳ್ತಾವಳೆ, ನೀನು ಕೊಟ್ಟಿದ್ದೇ. ನಿಜ ಹೇಳಪ್ಪ, ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣಮ್ಮ," ಅಂದ ಮೋಹನ್‌ಬಾಬು.

ಕೇಳಿದವಳಿಗಿಂತ ಮೊದಲು ಆ ಮಾತು ಮಗಳಿಗೆ ತಾಕಿತು. ವೇಲು ಕೈಯಲ್ಲೇ ಇತ್ತು. ಮುಖ ಮುಚ್ಚಿಕೊಳ್ಳದೆ ಅವಳು ಬಿಸಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು.