ಕೆಂಪೇ ಗೆಲ್ಲೋದು

ನಮ್ಮ ಮನೆಯ ಸಿನಿಮಾ ಯಂತ್ರಕ್ಕೆ ಎದ್ದು ಕೂರಲು ಪೂರಾ ಒಂದು ನಿಮಿಷ ಬೇಕಿತ್ತು. ಗುಂಡಿ ಒತ್ತಿದರೆ ಮೊದಲು ಒಂದು ಸಣ್ಣ ದೀಪ, ಆಮೇಲೆ ಒಳಗೆಲ್ಲೋ ಮುದುಕರೊಬ್ಬರು ನರಳುತ್ತ ಮಂಚ ಇಳಿಯುವ ಸದ್ದು, ಆಮೇಲೆ ಟಿವಿಯ ತುಂಬ ಬರೀ ಕಪ್ಪು. ಬೇರೆಯವರ ಮನೆಗಳಲ್ಲಿ ಆ ನಿಮಿಷಕ್ಕೆ ಬೈಗುಳ ಬೀಳುತ್ತಿತ್ತಂತೆ. ನಮ್ಮ ಮನೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಯಾಕೆಂದರೆ ಆ ನಿಮಿಷ ನನ್ನದು.

ಪ್ರತಿ ಭಾನುವಾರ ಚರ್ಚು ಮುಗಿಸಿಕೊಂಡು ನಮ್ಮ ಮನೆಯಲ್ಲಿ ಐದು ಜನ ಸೇರುತ್ತಿದ್ದೆವು. ನಾನು, ನನ್ನ ಹೆಂಡತಿ ಲವೋನ್, ಅವಳ ಅಣ್ಣ ಗೆರಿಟ್, ಗೆರಿಟ್‌ನ ಹೆಂಡತಿ ಆರ್ಲಿನ್, ಮತ್ತು ಪಕ್ಕದ ಮನೆಯ ಹಿಲ್ಡಾ. ಹಿಲ್ಡಾ ನಮ್ಮೂರ ಗ್ರಂಥಾಲಯದಲ್ಲಿ ನಲವತ್ತು ವರ್ಷ ಎಲ್ಲರನ್ನೂ ಸುಮ್ಮನಿರಿಸಿ ನಿವೃತ್ತರಾದವರು. ಬಟಾಣಿ ಸೂಪು, ಹ್ಯಾಮ್ ಬನ್ನು, ಆಮೇಲೆ ಒಂದು ಸಿನಿಮಾ. ಯಂತ್ರ ಎದ್ದೇಳುವವರೆಗೆ ನಾನು ಟಿವಿಯ ಮುಂದೆ ನಿಂತು ಊರಿನವರ ದನಿ ಮಾಡುತ್ತಿದ್ದೆ. ನಮ್ಮ ಪಾದ್ರಿಗಳು ಮೂಗಿನಿಂದಲೇ ಆಶೀರ್ವಾದ ಮಾಡುವುದು, ಟಿವಿ ಅಂಗಡಿಯ ವರ್ನ್ ಪ್ರತಿ ಮಾತಿಗೂ ಮೊದಲು ಸೈಕಲ್ ಪಂಪಿನಂತೆ ಉಸಿರೆಳೆಯುವುದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು ನಾನು. ಮೂವತ್ತು ಮಕ್ಕಳು ಮುಂದೆ ಕೂತಿದ್ದರೂ ನಗುವವರು ಒಬ್ಬರಿರಲಿಲ್ಲ. ವಾರವಿಡೀ ಆ ಒಂದು ನಿಮಿಷಕ್ಕೆ ಕಾಯುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಗೆರಿಟ್‌ನ ದನಿಗೆ. ಗೆರಿಟ್ ಎದುರಿಗೇ ಕೂತಿರುತ್ತಿದ್ದ, ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಆ ದನಿಯ ಹಿಂದೆ ಒಂದು ಕಥೆ ಇತ್ತು.

ಎರಡು ಸಾವಿರದ ಆರರ ಅಕ್ಟೋಬರ್. ಸಿನಿಮಾದ ಹೊಸ ಡಿಸ್ಕುಗಳು ಆಗ ತಾನೇ ಎರಡು ಪಾರ್ಟಿಯಾಗಿದ್ದವು. ಕೆಂಪು ಡಬ್ಬಿಯಲ್ಲಿ ಬರುವುದು ಎಚ್‌ಡಿ ಡಿವಿಡಿ, ನೀಲಿ ಡಬ್ಬಿಯಲ್ಲಿ ಬರುವುದು ಬ್ಲೂ-ರೇ. ಎರಡೂ ಅಷ್ಟೇ ಅಗಲ, ಅಷ್ಟೇ ಹೊಳಪು. ನಟನ ಮೂಗಿನ ಮೇಲಿನ ಬೆವರಹನಿಯನ್ನು ಎರಡರಲ್ಲೂ ಎಣಿಸಬಹುದು. ಆದರೆ ಒಂದು ಪಾರ್ಟಿಯ ಡಿಸ್ಕು ಇನ್ನೊಂದರ ಯಂತ್ರದಲ್ಲಿ ಓಡುವುದಿಲ್ಲ. ಕೆಲವು ಸ್ಟುಡಿಯೊಗಳು ಕೆಂಪಿಗೆ, ಕೆಲವು ನೀಲಿಗೆ, ಒಂದೆರಡು ಎರಡಕ್ಕೂ. ಯಾರು ಉಳಿಯುತ್ತಾರೆ, ಯಾರು ಮುಳುಗುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಡಿಸ್ಕು ಎಂದರೆ ರಿಸ್ಕು ಎಂದು ನಾನೇ ಹೇಳಿದ್ದೆ, ಯಾರೂ ನಕ್ಕಿರಲಿಲ್ಲ.

ನನ್ನ ಮನಸ್ಸು ನೀಲಿಯ ಮೇಲಿತ್ತು. ವರ್ನ್‌ಗೆ ಹೇಳಿ ಒಂದು ನೀಲಿ ಯಂತ್ರ ತೆಗೆದಿಡಿಸಿಯೂ ಇದ್ದೆ. ಗೆರಿಟ್‌ಗೆ ಅದು ಗೊತ್ತಾದ ಭಾನುವಾರವೇ ನಮ್ಮ ಹಜಾರದ ಮಧ್ಯೆ ನಿಂತು, ಎರಡೂ ಕೈಯಿಂದ ಬೆಲ್ಟು ಮೇಲೆಳೆದುಕೊಂಡು, ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿ ಭಾಷಣ ಶುರುಮಾಡಿದ.

"ಲೋ ವೆಂಡೆಲ್, ನೀನೊಂದು ತಗೊಂಡು, ನಾನಿನ್ನೊಂದು ತಗೊಂಡ್ರೆ ಯಾರ ಡಿಸ್ಕು ಯಾರ ಮನೇಲಿ ಓಡತ್ತೆ? ಮೂರು ಮನೆಗೂ ಒಂದೇ ಪಾರ್ಟಿ ಇರ್ಲಿ. ಒಬ್ಬೊಬ್ರು ಒಂದೊಂದು ಸಿನಿಮಾ ಕೊಂಡ್ರೆ ಮೂರು ಮನೇನೂ ತಿರುಗತ್ತೆ. ಕೆಂಪೇ ಗೆಲ್ಲೋದು, ಬರೆದಿಟ್ಕೊಳ್ಳಿ. ನಾನು ಮಾತು ಕೊಟ್ರೆ ಕುರ್ಚಿ ಮಾಡ್ದಂಗೆ. ನಾಲ್ಕೂ ಕಾಲು ನೆಲದ ಮೇಲೆ."

ಗೆರಿಟ್ ಕುರ್ಚಿ ಕಾರ್ಖಾನೆಯಲ್ಲಿ ಮೇಸ್ತ್ರಿ. ನಮ್ಮೂರು ಝೀಲೆಂಡಿನಲ್ಲಿ ಅವನ ಕುರ್ಚಿಯ ಮೇಲೆ ಕೂರದವರಿಲ್ಲ, ಅವನ ಮಾತಿನ ಮೇಲೂ. ಐವರೂ ಕೈ ಮೇಲೆ ಕೈ ಇಟ್ಟೆವು. ಗೆರಿಟ್ ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟು ಕೊಟ್ಟ, ಚರ್ಚಿನಲ್ಲಿ ಪ್ರವಚನ ಉದ್ದವಾದಾಗ ಕೊಡುವ ಹಾಗೆ. ಮರುದಿನ ನಾನು ನೀಲಿ ಬೇಡವೆಂದು ಹೇಳಿ ಕೆಂಪು ತಂದೆ.

ಅಂದಿನಿಂದ ಪ್ರತಿ ಭಾನುವಾರ ಯಂತ್ರ ನರಳಲು ಶುರುವಾದರೆ ಆರ್ಲಿನ್ ಕೂಗುತ್ತಿದ್ದಳು: "ವೆಂಡೆಲ್, ನನ್ನ ಗಂಡನ್ನ ಮಾಡು!" ನಾನು ಬೆಲ್ಟು ಮೇಲೆಳೆದು, ಇಲ್ಲದ ಪೆಪ್ಪರ್‌ಮಿಂಟನ್ನು ದಾಟಿಸಿ, "ಕೆಂಪೇ ಗೆಲ್ಲೋದು, ಬರೆದಿಟ್ಕೊಳ್ಳಿ" ಎನ್ನುತ್ತಿದ್ದೆ. ಹಿಲ್ಡಾ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು. ನೀಲಿಯವರಿಗೂ ಒಂದು ಪದ ಕಟ್ಟಿದ್ದೆ: "ಹೋಗ್ರೇ, ಬರ್ರೇ, ಬ್ಲೂ-ರೇ!" ನೀಲಿಯಲ್ಲಿ ಮಾತ್ರ ಬರುವ ಸಿನಿಮಾಗಳ ಹೆಸರನ್ನು ನಾವು ಎತ್ತುತ್ತಿರಲಿಲ್ಲ. ಒಮ್ಮೆ ಹಿಲ್ಡಾ ಯಾವುದೋ ಒಂದಕ್ಕೆ ಆಸೆಪಟ್ಟರೆ ಗೆರಿಟ್ ಗದರಿದ್ದ, "ಆ ಸಿನಿಮಾ ಹುಟ್ಟೇ ಇಲ್ಲ ಅಂದ್ಕೊಳ್ಳಿ." ಹೀಗೆ ಹದಿನೈದು ತಿಂಗಳು. ನಮ್ಮ ಕಪಾಟಿನ ಒಂದು ಸಾಲು ಪೂರ್ತಿ ಕೆಂಪಾಗಿತ್ತು.

ಎರಡು ಸಾವಿರದ ಎಂಟರ ಜನವರಿ, ಮೊದಲ ಶುಕ್ರವಾರ ಸುದ್ದಿ ಬಂತು. ಎರಡೂ ಕಡೆ ಕಾಲಿಟ್ಟಿದ್ದ ಒಂದು ದೊಡ್ಡ ಸ್ಟುಡಿಯೊ ಇನ್ನು ಮುಂದೆ ನೀಲಿ ಮಾತ್ರ ಎಂದು ಪಕ್ಷಾಂತರ ಮಾಡಿತು. ಭಾನುವಾರ ನಮ್ಮವರೆಲ್ಲ ಸಾವಿನ ಮನೆಗೆ ಬರುವವರಂತೆ ಬಂದರು. ಆರ್ಲಿನ್ ಸುಮ್ಮನೆ ನನ್ನ ಬೆನ್ನು ಸವರಿದಳು. ಗೆರಿಟ್ ಕೈ ಹಿಡಿದುಕೊಂಡು, "ಹೋಗ್ಲಿ ಬಿಡೋ, ನಾವಿದ್ದೀವಲ್ಲ" ಎಂದ. ಸ್ಟುಡಿಯೊ ಹೋದರೆ ಹೋಗಲಿ, ನನ್ನ ಜನ ಇದ್ದಾರೆ ಎನ್ನಿಸಿತು.

ಅವತ್ತು ಹಾಕಿದ್ದು ಎರಡೂ ಡಬ್ಬಿಗಳಲ್ಲಿ ಬಂದಿದ್ದ ಒಂದು ಹಡಗಿನ ಸಿನಿಮಾ. ಬಿರುಗಾಳಿಯ ಜಾಗಕ್ಕೆ ಬಂದಾಗ ಗೆರಿಟ್ ಬನ್ನು ಅಗಿಯುತ್ತ ಹೇಳಿದ:

"ಅದು ಸಮುದ್ರ ಅಲ್ಲ ಕಣೋ, ದೊಡ್ಡ ನೀರಿನ ತೊಟ್ಟಿ. ಹಡಗೆಲ್ಲ ಪ್ಲೈವುಡ್ಡು. ಆ ಕ್ಯಾಪ್ಟನ್ ಪಾರ್ಟು ಮಾಡಿರೋನು ಮೂರು ದಿನ ವಾಂತಿ ಮಾಡ್ಕೊಂಡನಂತೆ. ಪಕ್ಕದಲ್ಲಿ ಒಬ್ಳು ಬಕೆಟ್ ಹಿಡ್ಕೊಂಡು ನಿಂತಿರೋದನ್ನೂ ತೋರಿಸ್ತಾರೆ."

"ಹಳದಿ ಬಕೆಟ್ಟು," ಎಂದರು ಹಿಲ್ಡಾ.

ಆಮೇಲೆ ಇಬ್ಬರೂ ಒಟ್ಟಿಗೇ ಸೂಪಿನ ಬಟ್ಟಲಿಗೆ ಬಗ್ಗಿದರು.

ಸಿನಿಮಾ ತೆಗೆದ ಬಗೆಯನ್ನು ತೋರಿಸುವ ಆ ಭಾಗ ಕೆಂಪು ಡಿಸ್ಕಿನಲ್ಲಿ ಇರಲಿಲ್ಲ. ನೀಲಿಯವರಿಗೆ ಮಾತ್ರ ಕೊಟ್ಟಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿ, ಇದೇ ಹಜಾರದಲ್ಲಿ ನಾನು ಅರ್ಧ ಗಂಟೆ ಕೂಗಾಡಿದ್ದೆ. ನಾನು ಲವೋನ್‌ಳ ಕಡೆ ನೋಡಿದೆ. ಅವಳು ಚಮಚ ಜೋಡಿಸುತ್ತಿದ್ದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದಳು.

ವಾರವೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲೋ ಟಿವಿಯಲ್ಲಿ ನೋಡಿರಬೇಕು. ಕಾರ್ಖಾನೆಯಲ್ಲಿ ಯಾರೋ ಹೇಳಿರಬೇಕು. ಶನಿವಾರ ಮಧ್ಯಾಹ್ನ ಲವೋನ್ ಪೇಟೆಗೆ ಹೋಗಿದ್ದಾಗ ಫೋನಿನ ಮುಂದೆ ಕೂತೆ. ನನ್ನ ಅನುಮಾನವೇ ಸುಳ್ಳಾಗಲಿ ಎಂಬುದಷ್ಟೇ ಆಸೆ. ಗೆರಿಟ್‌ನ ಮನೆಗೆ ಫೋನ್ ಮಾಡಿ, ಪಂಪಿನಂತೆ ಉಸಿರೆಳೆದುಕೊಂಡೆ.

"ಹ್‌... ಗೆರಿಟ್? ವರ್ನ್ ಮಾತಾಡ್ತಿರೋದು. ಹ್‌... ನಿಮ್ಮ ನೀಲಿದು ಬಂದಿದೆ."

'ಯಾವ ನೀಲಿನಯ್ಯಾ, ತಲೆ ನೆಟ್ಟಗಿದ್ಯಾ' ಎಂದು ಬೈಯಲಿ ಎಂದು ಕಾದೆ.

"ಬಂತಾ? ಒಳ್ಳೇದಾಯ್ತು," ಎಂದ ಗೆರಿಟ್. "ಲವೋನ್ ಪೇಟೇಲೇ ಇದಾಳೆ ನೋಡು, ಅವಳ ಕೈಲೇ ಕೊಟ್ಬಿಡು. ಗುರುವಾರ ಬರೋವಾಗ ತರ್ತಾಳೆ."

ಗುರುವಾರ ಲವೋನ್ ಆರ್ಲಿನ್‌ಳ ಮನೆಗೆ ಕೌದಿ ಹೊಲಿಯಲು ಹೋಗುತ್ತಿದ್ದಳು. ಸೆಪ್ಟೆಂಬರ್‌ನಿಂದ ಹೋಗುತ್ತಿದ್ದಳು. ಒಂದು ಕೌದಿಯೂ ಮನೆಗೆ ಬಂದಿರಲಿಲ್ಲ ಎಂಬುದು ಆಗಲೇ ಹೊಳೆದದ್ದು.

"ಹ್‌... ಹಿಲ್ಡಾ ಅವರಿಗೂ ಒಂದು ತರಿಸ್ಲಾ?"

"ಅವರೂ ಇಲ್ಲೇ ಬಂದು ನೋಡ್ತಾರಲ್ಲ ಮಾರಾಯ. ನನ್ನ ಮಗ ಕಾಲೇಜಿಗೆ ಹೋಗೋವಾಗ ವಿಡಿಯೊ ಗೇಮಿನ ಪೆಟ್ಟಿಗೆ ಬಿಟ್ಟುಹೋಗಿದಾನೆ, ಅದ್ರಲ್ಲೇ ನೀಲಿ ಓಡತ್ತೆ. ಗುಂಡಿ ಒತ್ತಿದ್ರೆ ತಕ್ಷಣ ಶುರು. ಒಂದು ನಿಮಿಷ ಅವನ ನಾಟಕ ನೋಡ್ಕೊಂಡು ಕೂರೋ ಕರ್ಮ ಇಲ್ಲ." ನಕ್ಕ. ಆಮೇಲೆ ದನಿ ತಗ್ಗಿಸಿದ. "ವೆಂಡೆಲ್ ಮುಂದೆ ಮಾತ್ರ ಬಾಯಿ ಬಿಟ್ಟೀಯ. ಪಾಪ, ಅವನಿಗೆ ಬೇರೆ ಇನ್ನೇನಿದೆ?"

"ಹ್‌..." ಎಂದೆ. ಆ ಉಸಿರು ವರ್ನ್‌ದಾಗಿರಲಿಲ್ಲ.

ಮರುದಿನ ಎಲ್ಲರೂ ಬಂದರು. ಸೂಪು, ಬನ್ನು, ಎಲ್ಲ ಎಂದಿನಂತೆ. ನಾನು ಗುಂಡಿ ಒತ್ತಿದೆ. ಯಂತ್ರ ನರಳಿತು.

"ನನ್ನ ಗಂಡನ್ನ ಮಾಡು!" ಎಂದು ಆರ್ಲಿನ್ ಕೂಗಿದಳು.

ಬೆಲ್ಟು ಮೇಲೆಳೆದೆ. ಪೆಪ್ಪರ್‌ಮಿಂಟು ದಾಟಿಸಿದೆ. ಎಲ್ಲರೂ ನಗಲು ಶುರುಮಾಡಿದರು. ನಾನು ಕಿವಿಯ ಹತ್ತಿರ ಕೈ ಹಿಡಿದು ಫೋನಿನಲ್ಲಿ ಮಾತಾಡುವವನಂತೆ ಹೇಳಿದೆ: "ಬಂತಾ? ಒಳ್ಳೇದಾಯ್ತು. ಲವೋನ್ ಪೇಟೇಲೇ ಇದಾಳೆ ನೋಡು, ಅವಳ ಕೈಲೇ ಕೊಟ್ಬಿಡು."

ಮೊದಲು ನಗು ನಿಂತದ್ದು ಲವೋನ್‌ಳದು. ಆಮೇಲೆ ಹಿಲ್ಡಾರದು. ನಾನು ಒಂದಕ್ಷರವೂ ಬಿಡದೆ ಕೊನೆಯ 'ಪಾಪ'ದವರೆಗೂ ಒಪ್ಪಿಸಿದೆ. ಅಷ್ಟು ಚೆನ್ನಾಗಿ ಆ ದನಿ ನನಗೆ ಎಂದೂ ಬಂದಿರಲಿಲ್ಲ. ಯಂತ್ರ ಎದ್ದಿತು. ಸಿನಿಮಾದ ಮುಖಪುಟ ಬಂದು, ಅದೇ ಹತ್ತು ಸೆಕೆಂಡಿನ ಸಂಗೀತ ಮತ್ತೆ ಮತ್ತೆ ಸುತ್ತತೊಡಗಿತು.

"ವರ್ನ್ ಅಂತ ಫೋನ್ ಮಾಡಿದ್ದು ನೀನಾ?" ಎಂದ ಗೆರಿಟ್. ಕಿವಿ ಕೆಂಪಾಗಿತ್ತು. "ಕಳ್ಳ ದನಿಯಲ್ಲಿ ನನ್ನ ಮನೆಗೆ ನುಗ್ಗಿದ್ಯಲ್ಲೋ! ಇದು ಮೋಸ ಅಲ್ವಾ?"

"ಮೋಸನಾ?" ಎಂದೆ. "ನೀನು ಮಾತು ಕೊಟ್ಟಿದ್ದೆ ಗೆರಿಟ್. ನಾಲ್ಕೂ ಕಾಲು ನೆಲದ ಮೇಲೆ ಅಂದಿದ್ದೆ. ನಿನ್ನ ಮಾತಿಗೆ ನಾನು ನನ್ನ ನೀಲಿ ಬಿಟ್ಟೆ."

"ಒಂದು ಡಿಸ್ಕು ಕಣೋ. ನಾನೇನು ಚರ್ಚು ಬದಲಾಯಿಸಿದ್ನಾ?"

"ನಿನಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ವಪ್ಪ," ಎಂದರು ಹಿಲ್ಡಾ, ಗ್ರಂಥಾಲಯದ ಪಿಸುದನಿಯಲ್ಲಿ.

ಆರ್ಲಿನ್ ಎದ್ದು ಕಾರಿಗೆ ಹೋಗಿ ಒಂದು ಪೆಟ್ಟಿಗೆ ತಂದಳು. ಹಿಮಸಾರಂಗದ ಚಿತ್ರವಿದ್ದ ಕ್ರಿಸ್‌ಮಸ್ ಕಾಗದ, ಅಂಚುಗಳಲ್ಲಿ ಆಗಲೇ ಸವೆದಿತ್ತು. "ನಿನಗೇ ತಂದಿದ್ದು, ಯಂತ್ರ. ನೀಲಿದು. ಎಲ್ರೂ ಸೇರಿ."

"ಕ್ರಿಸ್‌ಮಸ್ ಹೋಗಿ ಮೂರು ವಾರ ಆಯ್ತಲ್ಲ?"

"ಆಗ ಕೊಡೋದು ಬೇಡ ಅಂತ... ನೀನಿನ್ನೂ ತಯಾರಾಗಿಲ್ಲ ಅಂತ..."

"ಹಾಗಂತ ಹೇಳಿದ್ಯಾರು?"

ಮೂವರೂ ಲವೋನ್‌ಳ ಕಡೆ ನೋಡಿದರು. ಅವಳು ನೆಲ ನೋಡಿದಳು.

ಫೆಬ್ರುವರಿಯಲ್ಲಿ ಕೆಂಪಿನ ಕಂಪನಿಯವರೇ ಇನ್ನು ಮಾಡುವುದಿಲ್ಲ ಎಂದು ಕೈಯೆತ್ತಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಕೊನೆಗಾದರೂ ಎಲ್ಲರ ಎದುರು ಬಾಯಿಬಿಟ್ಟು ಹೇಳಿದರು. ಕ್ರಿಸ್‌ಮಸ್ ಕಾಗದದ ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ. ಅದು ಗ್ಯಾರೇಜಿನಲ್ಲಿ ಹಿಮ ಗೋರುವ ಸಲಿಕೆಯ ಪಕ್ಕದಲ್ಲಿದೆ. ಭಾನುವಾರದ ಸಿನಿಮಾ ಗೆರಿಟ್‌ನ ನೆಲಮಾಳಿಗೆಗೆ ಹೋಯಿತು. ಲವೋನ್ ಆಲೂಗಡ್ಡೆ ಸಾಲಡ್ಡಿನ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತು "ನೀನೂ ಬಾರೋ" ಎನ್ನುತ್ತಾಳೆ. "ನೀನು ಹೋಗ್ಬಾ" ಎನ್ನುತ್ತೇನೆ.

ಮಾರ್ಚಿನ ಒಂದು ಭಾನುವಾರ ಮೂರು ಗಂಟೆಗೆ ಅವಳು ವಾಪಸು ಬಂದು ಬೋಗುಣಿ ತೊಳೆಯುತ್ತಿದ್ದಳು. ಮುಖದಲ್ಲಿ ಇನ್ನೂ ನಗು ಉಳಿದಿತ್ತು.

"ಏನು ಅಷ್ಟೊಂದು ನಗು?"

"ಏನಿಲ್ಲ. ಗೆರಿಟ್ ಇವತ್ತು ನಿನ್ನನ್ನ ಮಾಡಿ ತೋರಿಸಿದ."

"ನನ್ನನ್ನಾ? ಹೇಗೆ?"

ಅವಳು ಕೈ ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದಲೇ, ಎರಡೂ ಕೈಯಿಂದ ಇಲ್ಲದ ಬೆಲ್ಟನ್ನು ಮೇಲೆಳೆದುಕೊಂಡಳು. ಕೆನ್ನೆಯೊಳಗೆ ನಾಲಗೆಯನ್ನು ಎಡದಿಂದ ಬಲಕ್ಕೆ ಆಡಿಸಿದಳು. "ಕೆಂಪೇ ಗೆಲ್ಲೋದು, ಬರೆದಿಟ್ಕೊಳ್ಳಿ!" ಎಂದಳು. "ಥೇಟ್ ವೆಂಡೆಲ್ ಅಂತ ಹಿಲ್ಡಾ ಬಿದ್ದು ಬಿದ್ದು ನಕ್ರು. ಆಮೇಲೆ, ಪಾಪ, ಎಷ್ಟು ನಂಬಿದ್ದ, ನಮ್ಮನ್ನೆಲ್ಲ ಹೇಗೆ ಒಪ್ಪಿಸ್ಬಿಟ್ಟ ಅಂದ್ರು."

"ಗೆರಿಟ್ ಏನಂದ?"

"ಏನಂತಾನೆ? ಅವನೂ ನಕ್ಕ."

"ಲವೋನ್, ಅದು ಅವನ ಮಾತು."

ಅವಳು ಬೋಗುಣಿಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ನಟನೆಯಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಮಕ್ಕಳ ಸುಳ್ಳು ನೆಪ ಹಿಡಿಯುವುದೇ ನನ್ನ ಕಸುಬು. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು.

"ಅವನದಾ?" ಎಂದಳು. "ಇಲ್ಲ ಬಿಡೋ. ಪ್ರತಿ ಭಾನುವಾರ ಹೇಳ್ತಿದ್ದಿದ್ದು ನೀನೇ ಅಲ್ವಾ?"