ಸ್ಟೂಲು ತೆಗೆದ ಫೋಟೋಗಳು

"ಇದನ್ನ ಕ್ಯಾಮೆರಾ ಅಂತಾರೇನಮ್ಮಾ? ಸೋಪಿನ ಡಬ್ಬಿ ಇದ್ದ ಹಾಗಿದೆ," ಎಂದರು ಮಾವ. ಅಂದರೇ ಹೊರತು ಅದನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಊಟದ ಮೇಜಿನ ಮೇಲಿದ್ದ ಆ ಬೆಳ್ಳಿ ಬಣ್ಣದ ಪುಟ್ಟ ವಸ್ತುವನ್ನು ಬಗ್ಗಿ ಬಗ್ಗಿ ನೋಡಿದರು.

"ಸೋಪಿನ ಡಬ್ಬಿಯೋ ಸಾಸಿವೆ ಡಬ್ಬಿಯೋ ನನಗೆ ಗೊತ್ತಾಗಲ್ಲ ಮಾವ. ಅದಕ್ಕೇ ನಿಮ್ಮನ್ನ ಕೇಳ್ತಿರೋದು," ಎಂದಳು ಸೊಸೆ. ಅವಳ ಬೆರಳ ತುದಿಗಳಲ್ಲಿ ಅಂಟು ಒಣಗಿ ಸಿಪ್ಪೆ ಏಳುತ್ತಿತ್ತು. "ಶನಿವಾರದವರೆಗೆ ಟೈಮ್ ಕೊಟ್ಟಿದಾನೆ ಅಂಗಡಿಯವನು. ಹಿಡಿಸದಿದ್ರೆ ವಾಪಸ್. ಅದು ದಾಟಿದ್ರೆ ನಿಮ್ಮ ಮುಖ ನೋಡಲ್ಲ ಅಂದಿದಾನೆ."

"ಶನಿವಾರದವರೆಗೆ ಯಾಕೆ ಕಾಯಬೇಕು? ಈಗಲೇ ಹೇಳ್ತೀನಿ, ಇದು..."

"ರೀ, ಮೊದಲು ಒಂದು ಫೋಟೋ ತೆಗೀರಿ. ಬೈಯೋದು ಆಮೇಲೆ ಇದ್ದೇ ಇದೆ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಸೊಸೆ ಮಾಡುವುದು ಕುಶನ್ ಕೆಲಸ. ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೇ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಕೊಳೆತ ನಾರು ಕಿತ್ತೆಸೆದು, ಹೊಸದು ತುಂಬಿ ಬಟ್ಟೆ ಬಿಗಿಯುತ್ತಿದ್ದಳು. ಇಷ್ಟು ದಿನ ಅಕ್ಕಪಕ್ಕದ ಬೀದಿಯವರ ಕೆಲಸವೇ ಇತ್ತು. ಈಗ ಸ್ಟೇಷನ್ ಎದುರಿನ ಹೋಟೆಲಿನ ಮ್ಯಾನೇಜರ್ ಕರೆದು, ಒಂದು ಹಾಲ್ ತುಂಬ ಕಾಲು ಮುರಿದ, ಹೊಟ್ಟೆ ಹರಿದ ಕುರ್ಚಿಗಳನ್ನು ತೋರಿಸಿದ್ದ. ಅಷ್ಟನ್ನೂ ಕೊಡುತ್ತೇನೆ, ಆದರೆ ಮಾಲೀಕರಿಗೆ ನಿನ್ನ ಕೆಲಸದ ಫೋಟೋ ತೋರಿಸಬೇಕು, ಹೊಲಿಗೆ ಕಾಣುವ ಹಾಗಿರಬೇಕು ಎಂದಿದ್ದ. ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಮಾಡ್ತೀರಾ? ಕೆಲಸ ಮಾಡ್ತಿರೋದೂ ಒಂದು ಫೋಟೋ ಇರಲಿ. ಮಾಲೀಕರು ನಂಬೋಲ್ಲ," ಎಂದೂ ಸೇರಿಸಿದ್ದ. ಸೋಮವಾರ ಎಲ್ಲ ಅವನ ಮೇಜಿನ ಮೇಲಿರಬೇಕಿತ್ತು. ಆಗಿನ ಫೋನುಗಳಲ್ಲಿ ಕ್ಯಾಮೆರಾ ಇತ್ತು ನಿಜ, ಇಲ್ಲದಿದ್ದರೂ ನಷ್ಟವಿರಲಿಲ್ಲ. ಅದರಲ್ಲಿ ತೆಗೆದ ಸೋಫಾ ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು.

ಮೊದಲು ಮಾವನದು ದೊಡ್ಡ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಮದುವೆಯಾದವರು, ಮಗು ಹೆತ್ತವರು, ಕೆಲಸಕ್ಕೆ ಅರ್ಜಿ ಹಾಕುವವರು, ಎಲ್ಲರೂ ಅವರ ಮುಂದಿನ ಬೆಂಚಿನ ಮೇಲೆ ಕೂತು ಬೈಸಿಕೊಂಡವರೇ. "ಅಲ್ಲಾಡಬೇಡಿ!" ಎಂದು ಅವರು ಗುಡುಗಿದರೆ ಅಳುವ ಕೂಸೂ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಬೀದಿಯವರು ಅವರಿಗೆ ಅದನ್ನೇ ಹೆಸರಾಗಿಟ್ಟಿದ್ದರು. "ಅಲ್ಲಾಡಬೇಡಿ ಬಂದ್ರು ನೋಡು," ಎನ್ನುತ್ತಿದ್ದರು. ಆ ಸ್ಟುಡಿಯೋವನ್ನು ಮುಚ್ಚುವಾಗ ಕಣ್ಣು ಮಂಜಾಯಿತು ಎಂದು ಎಲ್ಲರಿಗೂ ಹೇಳಿದ್ದರು. ಸುಳ್ಳು. ಕಣ್ಣು ಚೆನ್ನಾಗಿಯೇ ಇತ್ತು. ಹೋದದ್ದು ಬಲಗೈ. ಒಂದು ದಿನ ಶುರುವಾದ ನಡುಕ ಮತ್ತೆ ನಿಲ್ಲಲೇ ಇಲ್ಲ. ಊರಿಗೆಲ್ಲ ಅಲ್ಲಾಡಬೇಡಿ ಎಂದವನ ಕೈಯೇ ಅಲ್ಲಾಡುತ್ತದೆ ಎಂಬುದು ಯಾರಿಗೂ ತಿಳಿಯಬಾರದಿತ್ತು. ಆವತ್ತಿನಿಂದ ಅವರು ಯಾವ ಕ್ಯಾಮೆರಾವನ್ನೂ ಮುಟ್ಟಿರಲಿಲ್ಲ. ಪೇಪರನ್ನು ಮೇಜಿನ ಮೇಲೆ ಹರಡಿಯೇ ಓದುತ್ತಿದ್ದರು. ಹೆಂಡತಿ ಅರ್ಧ ಲೋಟ ಟೀ ಕೊಡುತ್ತಿದ್ದಳು. ಅದು ತುಳುಕುತ್ತಿರಲಿಲ್ಲವಾದ್ದರಿಂದ, ಯಾಕೆ ಅರ್ಧ ಎಂದು ಅವರು ಕೇಳಿರಲಿಲ್ಲ.

"ನನ್ನ ರೂಮಲ್ಲಿ ಇಡು. ನೋಡ್ತೀನಿ," ಎಂದರು ಕೊನೆಗೆ.

ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವರು ಮೊದಲು ಓದಿದ್ದು ಡಬ್ಬಿಯನ್ನು. ಡಬ್ಬಿಯ ಮೇಲೆ ಬೇಕಾದಷ್ಟು ಬಡಾಯಿ ಇತ್ತು. ಅದರ ನಡುವೆ ಒಂದು ಸಾಲು: ಕೈ ಅಲುಗಿದರೂ ಚಿತ್ರ ಅಲುಗದು. ಅದನ್ನು ಓದಿ ಡಬ್ಬಿ ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಓದಿದರು.

ಆಮೇಲೆ ಶುರುವಾಯಿತು ಅವರ ಪರೀಕ್ಷೆ. ಗೋಡೆಗೆ ಪೇಪರ್ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಟೈಮರ್ ಒತ್ತಿ ಕೈ ತೆಗೆದುಬಿಡುತ್ತಿದ್ದರು. ಅದು ಕೀ ಕೀ ಎಂದು ಕೂಗಿ ತಾನೇ ಫೋಟೋ ತೆಗೆದುಕೊಳ್ಳುತ್ತಿತ್ತು. ನಡುವಿನ ಅಕ್ಷರ ಸ್ಪಷ್ಟ, ಮೂಲೆಯ ಅಕ್ಷರ ಸ್ವಲ್ಪ ಮಂಕು. ಪರವಾಗಿಲ್ಲ, ಕುರ್ಚಿಯನ್ನು ಯಾರೂ ಮೂಲೆಯಲ್ಲಿಟ್ಟು ತೆಗೆಯುವುದಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು ಬಿಸಿಲಿನ ಅಂಗಳ ತೆಗೆದರು. ನೆರಳೊಳಗಿನ ಬಕೆಟ್ಟೂ ಕಂಡಿತು. ಬೇಕರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಗೊರಕೆ ಹೊಡೆಯುವ ಮಗನ ಪಾದಗಳನ್ನು ತೆಗೆದರು. ಹಿಮ್ಮಡಿಯ ಬಿರುಕು ಒಂದೊಂದೂ ಎಣಿಸುವ ಹಾಗೆ ಬಂದಿತ್ತು. ಫ್ಲ್ಯಾಶ್ ಹಾಕಿದರೆ ಮಾತ್ರ ಎದುರಿಗಿದ್ದದ್ದೆಲ್ಲ ಸುಣ್ಣ ಬಳಿದಂತಾಗುತ್ತಿತ್ತು.

ಊಟಕ್ಕೆ ಕೂತಾಗ ವರದಿ ಬರುತ್ತಿತ್ತು. "ಇದರಲ್ಲಿ ಎರಡು ಥರದ ಜೂಮ್ ಇದೆ ಕಣಮ್ಮಾ. ಒಂದು ಗಾಜು ಮುಂದೆ ಹೋಗೋದು. ಇನ್ನೊಂದು ಇರೋ ಚಿತ್ರಾನೇ ಹಿಗ್ಗಿಸಿ ಸುಳ್ಳು ಹೇಳೋದು. ಎರಡನೇದನ್ನ ಮುಟ್ಟಬೇಡ."

"ಮತ್ತೆ ಟ್ಯೂಬ್‌ಲೈಟಲ್ಲಿ?"

"ಟ್ಯೂಬ್‌ಲೈಟಲ್ಲಿ ನಿನ್ನ ಕೆಂಪು ಬಟ್ಟೆ ಕಾಮಾಲೆ ಬಂದ ಹಾಗಿರುತ್ತೆ. ಬಾಗಿಲ ಹತ್ತಿರ ತಂದು ತೆಗಿ. ಇನ್ನೊಂದು, ಒತ್ತಿದ ಮೇಲೆ ಇದು ಯೋಚನೆ ಮಾಡುತ್ತೆ. ನಿನ್ನ ಗಂಡನ ಥರ. ಅರ್ಧ ಒತ್ತಿ ಎಬ್ಬಿಸಿ ಇಟ್ಕೋ, ಆಮೇಲೆ ಪೂರ್ತಿ ಒತ್ತು."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಬಹಳ ದಿನಗಳ ಮೇಲೆ ಆ ಮನುಷ್ಯ ಊಟದ ಹೊತ್ತಿನಲ್ಲಿ ಇಷ್ಟು ಮಾತಾಡಿದ್ದರು.

ಗುರುವಾರ ಸಂಜೆ ಎಲ್ಲ ಕೆಟ್ಟಿತು. ಸೊಸೆ ಬಟ್ಟೆ ತರಲು ಹೋಗಿದ್ದಳು. ಮಗ ಕೆಲಸಕ್ಕೆ ಹೊರಟಿದ್ದ. ಹೆಂಡತಿ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ಒಂದು ದುಪ್ಪಟಿ ಅವಳ ಹೆಗಲ ಮೇಲೆ ಗಾಳಿ ತುಂಬಿಕೊಂಡಿತ್ತು. ಯಾರೂ ನೋಡುತ್ತಿರಲಿಲ್ಲ. ಡಬ್ಬಿಯ ಮೇಲಿನ ಸಾಲನ್ನು ನೆನೆದು ಅವರು ಕ್ಯಾಮೆರಾವನ್ನು ಕೈಗೆತ್ತಿಕೊಂಡರು. ನಿಂತು, ಉಸಿರು ಬಿಗಿಹಿಡಿದು, ಕಿಟಕಿಯಿಂದ ಒಂದು ಒತ್ತಿದರು.

ಪರದೆಯ ಮೇಲೆ ಹೆಂಡತಿ ಇಬ್ಬರಾಗಿದ್ದಳು, ದುಪ್ಪಟಿ ಎರಡಾಗಿತ್ತು, ಎಲ್ಲ ನೀರಿನಲ್ಲಿ ಕದಡಿದ ಹಾಗೆ. ಅವರು ಅಳಿಸುವ ಗುಂಡಿ ಒತ್ತಿದರು. ಖಂಡಿತವಾಗಿಯೂ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಸಿಟ್ಟಿನಲ್ಲಿ ಏನೋ ಒಂದನ್ನು ಒತ್ತಿ ಅದನ್ನು ಹಾಸಿಗೆಯ ಮೇಲೆ ಎಸೆದರು.

"ವಾಪಸ್ ಕೊಡು," ಎಂದರು ಮರುದಿನ.

ಸೊಸೆ ಕೈಯ ತುತ್ತನ್ನು ತಟ್ಟೆಗೆ ಹಾಕಿದಳು. "ಚೆನ್ನಾಗಿದೆ ಅಂತಿದ್ರಲ್ಲ ಮಾವ?"

"ಗೋಡೆ ತೆಗೆಯೋಕೆ ಚೆನ್ನಾಗಿದೆ. ಕೈಯಲ್ಲಿ ಹಿಡಿದು ತೆಗೆದರೆ ಎಲ್ಲ ಅಲ್ಲಾಡುತ್ತೆ. ದಿನಾ ಬಳಸೋ ಕ್ಯಾಮೆರಾನ ಕೈಯಲ್ಲಿ ಹಿಡಿಯದೆ ಇನ್ನೇನು ತಲೆ ಮೇಲೆ ಇಟ್ಕೋತಾರಾ? ಡಬ್ಬಿ ಮೇಲೆ ಬರೆದಿರೋದು ಶುದ್ಧ ಮೋಸ. ಕೊಟ್ಟುಬಿಡು."

"ಸೋಮವಾರಕ್ಕೆ ಫೋಟೋ ಎಲ್ಲಿಂದ ತರಲಿ?"

"ನನ್ನನ್ನ ಕೇಳಿದೆ, ಹೇಳಿದೀನಿ!" ಎಂದು ಅವರು ಊಟ ಬಿಟ್ಟು ಎದ್ದರು.

ಶನಿವಾರ ಬೆಳಿಗ್ಗೆ ಸೊಸೆ ಶೆಡ್ಡಿನಲ್ಲಿ ಕೂತು ಕ್ಯಾಮೆರಾವನ್ನು ಡಬ್ಬಿಗೆ ತುಂಬುವ ಮೊದಲು ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಚೆನ್ನಾಗಿಯೇ ಇದ್ದವು. ಗೋಡೆ, ಬಕೆಟ್ಟು, ಗಂಡನ ಪಾದ. ಅಡುಗೆಮನೆಯ ಬಾಗಿಲ ಚಿತ್ರ ಬಂದಾಗ ಅವಳ ಕೈ ನಿಂತಿತು. ಬಾಗಿಲು ವಾರೆಯಾಗಿತ್ತು. ಬಲಕ್ಕೆ, ಸ್ವಲ್ಪವೇ. ಆ ವಾರೆ ಅವಳಿಗೆ ಗೊತ್ತು. ಅಡುಗೆಮನೆಯ ಸ್ಟೂಲಿನ ಒಂದು ಕಾಲು ಗಿಡ್ಡ. ಸರಿ ಮಾಡಿಕೊಡೇ ಎಂದು ಅತ್ತೆ ವರ್ಷದಿಂದ ಕೇಳುತ್ತಿದ್ದರು, ಊರ ಕುರ್ಚಿಗಳೆಲ್ಲ ಸರಿಯಾಗುತ್ತಿದ್ದವು, ಇದೊಂದು ಉಳಿದಿತ್ತು.

ಅವಳು ಮತ್ತೆ ಮೊದಲಿನಿಂದ ನೋಡಿದಳು. ಇದು ಹೊಲಿಗೆ ಮೆಷಿನ್ನಿನ ಮೇಜಿನ ಎತ್ತರ. ಇದು ಕಿಟಕಿ ಕಟ್ಟೆ. ಇದು ಟ್ರಂಕು. ಪೀಠೋಪಕರಣಗಳ ಎತ್ತರ ತಿಳಿಯಲು ಅವಳಿಗೆ ಅಳತೆಪಟ್ಟಿ ಬೇಕಾಗಿರಲಿಲ್ಲ. ಯಾವ ಚಿತ್ರದಲ್ಲೂ ಒಬ್ಬ ಮನುಷ್ಯ ನಿಂತು ನೋಡಿದ ಎತ್ತರವಿರಲಿಲ್ಲ. ಕೊನೆಯದೊಂದರಲ್ಲಿ ಮಾತ್ರ ಇತ್ತು. ಅದರಲ್ಲಿ ಅತ್ತೆ ಇಬ್ಬರಾಗಿದ್ದರು.

ಅವಳು ಕ್ಯಾಮೆರಾ ಹಿಡಿದು ಎದ್ದು ನೇರ ಮನೆಯೊಳಗೆ ಹೋದಳು. ಮಾವ ಮೇಜಿನ ಮೇಲೆ ಪೇಪರ್ ಹರಡಿ ಬಗ್ಗಿದ್ದರು.

"ಮಾವ, ಕ್ಯಾಮೆರಾ ಪರೀಕ್ಷೆ ಮಾಡೋಕೆ ನಾನು ಕೊಟ್ಟಿದ್ದು ನಿಮಗೋ, ಸ್ಟೂಲಿಗೋ?"

"ಏನಂದೆ?"

"ಇದು ಸ್ಟೂಲು ತೆಗೆದಿದ್ದು. ಇದು ಮೇಜು ತೆಗೆದಿದ್ದು. ಇದು ಕಿಟಕಿ. ಎಲ್ಲಾ ಚೆನ್ನಾಗಿ ತೆಗೆದಿವೆ. ನೀವು ತೆಗೆದಿದ್ದು ಇದೊಂದೇ."

ಪರದೆಯ ಮೇಲಿನ ಇಬ್ಬರು ಹೆಂಡತಿಯರನ್ನು ನೋಡಿ ಅವರ ಮುಖ ಕೆಂಪಾಯಿತು. ಕುರ್ಚಿ ಹಿಂದಕ್ಕೆ ದಬ್ಬಿ ಎದ್ದರು. "ಹೌದು, ನಡುಗುತ್ತೆ! ನನ್ನ ಕೈ ನಡುಗುತ್ತೆ! ಬೀದಿಗೆ ಹೋಗಿ ಕೂಗಲಾ? ಸಾಕಾ ನಿನಗೆ?"

"ನೀವು ಕೂಗಿದ್ದು ಬೀದಿಗೆ ಕೇಳ್ತು ಬಿಡಿ," ಎಂದರು ಅತ್ತೆ. ಅವರು ಬಾಗಿಲಲ್ಲಿ ಬಂದು ನಿಂತಿದ್ದರು. "ನಾನು ಇಷ್ಟು ದಿನ ಅರ್ಧ ಲೋಟ ಟೀ ಕೊಡ್ತಿದ್ದಿದ್ದು ಜಿಪುಣತನಕ್ಕೆ ಅಂದ್ಕೊಂಡಿದ್ರಾ?"

ಮಾವ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಗುರುವಾರ ಸಂಜೆ ತೆಗೆದಿದ್ದಲ್ವಾ?" ಎಂದಳು ಸೊಸೆ. ಅವಳ ದನಿಯೇನೂ ಮೆತ್ತಗಾಗಿರಲಿಲ್ಲ. "ಆ ಬೆಳಕಲ್ಲಿ ಯಾರ ಕೈಯಲ್ಲಾದರೂ ಸರಿಯಾಗಿ ಬರುತ್ತಾ? ನೀವೇ ಹೇಳಿ. ಆ ಹೊತ್ತಲ್ಲಿ ಸ್ಟುಡಿಯೋಗೆ ಬಂದು ಅಂಗಳದಲ್ಲಿ ತೆಗೀರಿ ಅಂದೋರನ್ನ ನೀವು ಹೇಗೆ ಬೈತಿದ್ರಿ ಅಂತ ಅತ್ತೆ ಹೇಳಿದಾರೆ."

ಅವರು ಮತ್ತೆ ಆ ಚಿತ್ರವನ್ನು ನೋಡಿದರು. ದುಪ್ಪಟಿಯ ಹಿಂದೆ ಬೆಳಕು ಸತ್ತಿತ್ತು. ಅದು ಅವರಿಗೆ ಈಗ ಕಂಡಿತು.

"ಮಧ್ಯಾಹ್ನ ಅಂಗಡಿ ಮುಚ್ಚುತ್ತೆ ಮಾವ. ಇದನ್ನ ಕೊಟ್ಟುಬಿಟ್ರೆ ಹೋಟೆಲ್ ಕೆಲಸವೂ ಹೋಯ್ತು. ಇಟ್ಕೊಂಡ್ರೆ ತೆಗೆಯೋರು ಬೇಕು. ಸುತ್ತಿಗೆ ಹಿಡಿದು ನನ್ನ ಫೋಟೋ ನಾನೇ ತೆಗೆಯೋಕಾಗಲ್ಲ."

"ಸ್ಟೂಲ್ ಮೇಲೆ ಇಟ್ಕೋ. ಅದು ಚೆನ್ನಾಗಿ ತೆಗೆಯುತ್ತೆ ಅಂದೆಯಲ್ಲ."

"ಸ್ಟೂಲಿಗೆ ಯಾವಾಗ ಒತ್ತಬೇಕು ಅಂತ ಗೊತ್ತಾಗಲ್ಲ. ಬನ್ನಿ."

ಅತ್ತೆಯೂ ಅವರ ಹಿಂದೆಯೇ ಬಂದರು. ಶೆಡ್ಡಿನ ನಡುವೆ ಅಗಲ ತೋಳುಗಳ ಒಂದು ಹಳೇ ಕುರ್ಚಿಯಿತ್ತು. ಅವಳು ಅದರ ತೋಳಿನ ಮೇಲೆ ಗಟ್ಟಿ ನಾರಿನ ತುಂಡೊಂದನ್ನು ಇಟ್ಟು, ಮೇಲೊಂದು ರೆಕ್ಸಿನ್ ಎಳೆದು ಕಟ್ಟಿದಳು. "ದಿನವಿಡೀ ಸುತ್ತಿಗೆ ಹೊಡೆದ ಮೇಲೆ ನನ್ನ ಕೈಯೂ ನಡುಗುತ್ತೆ. ಆಗ ಮೊಣಕೈ ಇಲ್ಲಿ ಊರಿ ಹೊಲೀತೀನಿ. ಕೂತ್ಕೊಳ್ಳಿ."

"ಕೂತು ಫೋಟೋ ತೆಗೆಯೋನಲ್ಲ ನಾನು," ಎಂದು ಗೊಣಗುತ್ತಲೇ ಅವರು ಕೂತರು. ಮೊಣಕೈ ಊರಿದರು. ಕ್ಯಾಮೆರಾದ ದಾರವನ್ನು ಅವಳು ಅವರ ಮಣಿಕಟ್ಟಿಗೆ ಸಿಕ್ಕಿಸಿ, ತಾನು ಹೋಗಿ ಒಂದು ಕುರ್ಚಿಯನ್ನು ಮಗುಚಿ ಹಾಕಿಕೊಂಡಳು. ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡಳು. ಕೆಲಸದಲ್ಲಿ ಅವಳ ರೀತಿಯೇ ಅದು. ತುಟಿಯಿಂದ ಒಂದೊಂದೇ ಮೊಳೆ ತೆಗೆದು ಹೊಡೆಯುವುದು. ಇನ್ನು ಅವಳ ಜೊತೆ ಜಗಳವಾಡುವ ಹಾಗಿರಲಿಲ್ಲ.

ಮೊದಲನೆಯದು ಕದಡಿತು. ಎರಡನೆಯದೂ. ಮಾವ ಹಲ್ಲು ಕಡಿದರು. ಆಮೇಲೆ ಏನೋ ಹೊಳೆದವರಂತೆ ತಲೆಯೆತ್ತಿ ಶೆಡ್ಡನ್ನು ನೋಡಿದರು. "ಆ ಹಾಳು ಟ್ಯೂಬ್‌ಲೈಟ್ ಆರಿಸೇ! ಎರಡೂ ಬಾಗಿಲು ತೆಗಿ. ಲೇ ಇವಳೇ, ಅಲ್ಲಿ ಬೆಳಕಿಗೆ ಅಡ್ಡ ಯಾಕೆ ನಿಂತಿದೀಯಾ? ಆ ಬಿಳಿ ದುಪ್ಪಟಿ ತಂದು ಈ ಕಡೆ ಹಿಡ್ಕೋ. ಇನ್ನೂ ಮೇಲೆ. ಹಾಂ. ನೀನು ಕುರ್ಚಿ ಸ್ವಲ್ಪ ಈ ಕಡೆ ತಿರುಗಿಸಮ್ಮಾ, ಹೊಲಿಗೆ ಕಾಣಬೇಕು. ಗಲ್ಲ ಎತ್ತು. ಈಗ... ಅಲ್ಲಾಡಬೇಡಿ!"

"ಯಾರಿಗೆ ಹೇಳ್ತಿದೀರಿ?" ಎಂದರು ಅತ್ತೆ ದುಪ್ಪಟಿಯ ಹಿಂದಿನಿಂದ.

ಮೊಳೆ ಕಚ್ಚಿದ ಬಾಯಲ್ಲಿ ಸೊಸೆಗೆ ನಗಲಾಗಲಿಲ್ಲ. ನಗು ಪೂರ್ತಿ ಕಣ್ಣಿಗೆ ಬಂತು. ಮಾವ ಅರ್ಧ ಒತ್ತಿ ಹಿಡಿದಿದ್ದವರು ಆಗ ಪೂರ್ತಿ ಒತ್ತಿದರು.

ಮೂವರೂ ಪುಟ್ಟ ಪರದೆಯ ಮೇಲೆ ತಲೆ ಸೇರಿಸಿದರು. ಸುತ್ತಿಗೆ ಮಸುಕಾಗಿತ್ತು. ಅದು ಓಡಾಡುವ ವಸ್ತು, ಮಸುಕಾಗಲಿ. ಬಟ್ಟೆಯ ನೆಯ್ಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ತುಟಿಗಳ ನಡುವೆ ಮೊಳೆಗಳ ತಲೆಗಳು ಮಿನುಗುತ್ತಿದ್ದವು. ಕಣ್ಣು ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ಇತ್ತು.

ಮಾವ ಬಹಳ ಹೊತ್ತು ನೋಡಿದರು. "ಕತ್ತಲಲ್ಲಿ ಕುರುಡು," ಎಂದರು ಕೊನೆಗೆ. "ಸ್ವಲ್ಪ ನಿಧಾನ. ಬೆಳಕು ಕೊಟ್ಟು, ಊರೋಕೆ ಜಾಗ ಕೊಟ್ರೆ ಕೆಲಸ ಮಾಡುತ್ತೆ. ದಿನಾ ಬಳಸೋಕೆ ಆಗುತ್ತೆ ಕಣಮ್ಮಾ."

ಸೊಸೆ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಸುತ್ತ ನೋಡಿ, ಕ್ಯಾಮೆರಾದ ಖಾಲಿ ಡಬ್ಬಿಯೊಳಗೆ ಸುರಿದಳು.

"ಹಿಂದಿನಿಂದ ಒಂದು ಬೇಕು. ಆಮೇಲೆ ಆ ಹಸಿರು ಕುರ್ಚಿ ಹತ್ತಿರದಿಂದ," ಎಂದು ಮಾವ ಆಗಲೇ ಕುರ್ಚಿಯ ಕಾಲನ್ನು ಕಾಲಿನಿಂದ ದಬ್ಬಿ ತಿರುಗಿಸುತ್ತಿದ್ದರು.

ಅತ್ತೆ ದುಪ್ಪಟಿ ಮಡಿಸಿಟ್ಟು ಒಳಗೆ ಹೋದರು. ಬರುವಾಗ ಟೀ ತಂದರು. ಮಾವ ಬಲಗೈ ಚಾಚಿದರು. ಲೋಟ ತುಂಬಿತ್ತು. ಅವರು ಒಮ್ಮೆ ಹೆಂಡತಿಯ ಮುಖ ನೋಡಿದರು. ಅವಳು ಬಾಗಿಲಾಚೆಯ ಬಿಸಿಲನ್ನು ನೋಡುತ್ತಿದ್ದಳು. ಮಣಿಕಟ್ಟಿನಲ್ಲಿ ಕ್ಯಾಮೆರಾ ತೂಗಾಡುತ್ತಿತ್ತು, ಲೋಟದ ಅಂಚಿನಿಂದ ಟೀ ತುಳುಕಿ ನೆಲದ ನಾರಿನ ಪುಡಿಯ ಮೇಲೆ ಹನಿ ಹನಿಯಾಗಿ ಬಿತ್ತು. ಉಳಿದದ್ದನ್ನು ಅವರು ತಳದವರೆಗೂ ಕುಡಿದರು.